ಬೆದರಿಕೆಯ ಆಯುಷ್ಯ: ಹಕ್ಕಿ ಓಡಿಸುವ ಡ್ರೋನು ಮತ್ತಿತರ ಸಾಧನಗಳು

ಪುಣೆಯ ಕನ್ನಡಿಗರ ಬಳಗವೊಂದರ ತಿಂಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಸೇರಿಸಿದ್ದೇನೆ.

ಅಧ್ಯಕ್ಷರೇ, ಬಳಗದ ಹಿರಿಯರೇ, ಬಂಧುಗಳೇ,

ಹಕ್ಕಿಗಳ ಕಾಟ ಈ ಸಭೆಯಲ್ಲಿರುವ ಎಲ್ಲರಿಗೂ ಒಂದೇ ಬಗೆಯದಲ್ಲ. ವಾಕಡ, ಹಿಂಜವಡಿ, ಖರಾಡಿಗಳ ಎತ್ತರದ ಕಟ್ಟಡಗಳಲ್ಲಿ ಇರುವವರಿಗೆ ಅದು ಏಸಿ ಯಂತ್ರದ ಹಿಂದೆ ಗೂಡು ಕಟ್ಟಿ ಬಾಲ್ಕನಿಯನ್ನೆಲ್ಲ ಹೊಲಸು ಮಾಡುವ ಪಾರಿವಾಳ. ನಿಮ್ಮಲ್ಲಿ ಹಲವರಿಗೆ ಇಂಡಿ, ಸಿಂದಗಿ, ಅಫಜಲಪುರ, ಜತ್ತ, ಅಕ್ಕಲಕೋಟೆಗಳ ಕಡೆ ಇಂದಿಗೂ ಹೊಲವಿದೆ, ದ್ರಾಕ್ಷಿ ತೋಟವಿದೆ. ಅವರಿಗೆ ಅದು ಹಾಲುಗಾಳಿನ ಜೋಳಕ್ಕೆ ಬೀಳುವ ಗಿಳಿ, ಹಣ್ಣಿಗೆ ಕೊಕ್ಕು ಹಾಕುವ ಪಿಕಳಾರ ಮತ್ತು ಗೊರವಂಕ. ಇನ್ನು ಲೋಹಗಾಂವದಿಂದ ವಿಮಾನ ಹತ್ತುವ ನಮಗೆಲ್ಲರಿಗೂ, ನಾವು ಅದನ್ನು ನೆನೆಯಲಿ ಬಿಡಲಿ, ರನ್‌ವೇಯ ಮೇಲೆ ಸುತ್ತುವ ಹದ್ದು ಸಂಬಂಧಪಟ್ಟ ವಿಷಯವೇ. ಈ ಮೂರು ಕಡೆಗೂ ಇಂದು ಮಾರುಕಟ್ಟೆಯಲ್ಲಿ ಒಂದೇ ಸಾಧನವನ್ನು ಒಂದೇ ಜಾಹೀರಾತಿನ ಮಾತಿನಲ್ಲಿ ಮಾರುತ್ತಿದ್ದಾರೆ. ನನ್ನ ಆಕ್ಷೇಪ ಅಲ್ಲಿಂದಲೇ ಶುರುವಾಗುತ್ತದೆ.

ಹೆದರಿಸುವ ಪ್ರತಿಯೊಂದು ಸಾಧನಕ್ಕೂ ಒಂದು ಆಯುಷ್ಯವಿದೆ. ಯಂತ್ರ ಕೆಡುವ ಕಾಲವನ್ನು ನಾನು ಹೇಳುತ್ತಿಲ್ಲ; ಯಂತ್ರ ಸರಿಯಾಗಿಯೇ ಕೆಲಸ ಮಾಡುತ್ತಿದ್ದರೂ ಹಕ್ಕಿ ಅದಕ್ಕೆ ಹೆದರುವುದನ್ನು ನಿಲ್ಲಿಸುವ ಕಾಲವನ್ನು ಹೇಳುತ್ತಿದ್ದೇನೆ. ಆದ್ದರಿಂದ ಕೊಳ್ಳುವ ಮೊದಲು ಎರಡು ಅವಧಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು: ನಮಗೆ ರಕ್ಷಣೆ ಬೇಕಾಗಿರುವುದು ಎಷ್ಟು ಕಾಲ, ಬೆದರಿಕೆ ಬಾಳುವುದು ಎಷ್ಟು ಕಾಲ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಾಗಿದ್ದರೆ, ಅಥವಾ ಜಾಣ್ಮೆಯಿಂದ ಅದನ್ನು ಹಿಗ್ಗಿಸಲು ಸಾಧ್ಯವಿದ್ದರೆ, ಸಾಧನ ಉಪಯುಕ್ತ. ಇಲ್ಲವಾದರೆ ಎಷ್ಟೇ ಬೆಲೆಯ ಡ್ರೋನಾದರೂ ಅದು ಬರೀ ಆಟಿಕೆ.

ಹಕ್ಕಿ ಏಕೆ ಹೆದರುತ್ತದೆ, ಏಕೆ ಹೆದರದಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಹಠಾತ್ತನೆ ಬಂದ ದೊಡ್ಡ ಸದ್ದು, ಕಣ್ಣಿಗೆ ಹೊಳೆಯುವ ವಸ್ತು, ವೇಗವಾಗಿ ಹತ್ತಿರ ಬರುತ್ತಾ ದೊಡ್ಡದಾಗುವ ಆಕೃತಿ, ಇವು ಯಾವ ಹಕ್ಕಿಯನ್ನಾದರೂ ಮೊದಲ ಸಲ ಹಾರಿಸುತ್ತವೆ. ಆದರೆ ಹಾರುವುದಕ್ಕೆ ಶಕ್ತಿ ಖರ್ಚಾಗುತ್ತದೆ, ತಿನ್ನುವ ಹೊತ್ತು ಕಳೆದುಹೋಗುತ್ತದೆ. ಪ್ರತಿ ಸುಳ್ಳು ಬೆದರಿಕೆಗೂ ಹಾರಿ ಹೋಗುವ ಹಕ್ಕಿ ಹಸಿವಿನಿಂದ ಸೊರಗುತ್ತದೆ. ಹಾಗಾಗಿ ಯಾವುದು ನಿಜವಾದ ಅಪಾಯ, ಯಾವುದು ಬರೀ ಸದ್ದು ಎಂದು ಬೇಗ ಕಲಿಯುವ ಹಕ್ಕಿಯೇ ಉಳಿಯುತ್ತದೆ. ಸದ್ದಾದ ಮೇಲೆ ಏನೂ ಆಗದಿದ್ದರೆ, ಅದೇ ಸದ್ದು ಅದೇ ಜಾಗದಿಂದ ಅದೇ ಅಂತರದಲ್ಲಿ ಮತ್ತೆ ಮತ್ತೆ ಬಂದರೆ, ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ, ಅದು ಒಗ್ಗಿಹೋಗುತ್ತದೆ. ಬೆದರುಬೊಂಬೆಯ ತಲೆಯ ಮೇಲೆ ಕಾಗೆ ಕುಳಿತಿರುವುದನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಇದರ ಜೊತೆಗೆ ಎರಡು ಸಂಗತಿಗಳು ಒಗ್ಗುವಿಕೆಯ ವೇಗವನ್ನು ನಿರ್ಧರಿಸುತ್ತವೆ: ಅಲ್ಲಿರುವ ಆಹಾರ ಎಷ್ಟು ರುಚಿಯದು, ಮತ್ತು ಹಾರಿ ಹೋಗಲು ಬೇರೆ ಜಾಗವಿದೆಯೇ. ಸುತ್ತ ಬರಡು ನೆಲವಿದ್ದು ನಡುವೆ ಒಂದೇ ದ್ರಾಕ್ಷಿ ತೋಟವಿದ್ದರೆ ಹಕ್ಕಿ ಏನನ್ನಾದರೂ ಸಹಿಸಿಕೊಂಡು ಅಲ್ಲಿಯೇ ಉಳಿಯುತ್ತದೆ.

ನಮ್ಮ ಹಿರಿಯರು ಈ ಲೆಕ್ಕವನ್ನು ಬರೆದಿಡದಿದ್ದರೂ ಅರಿತಿದ್ದರು. ಭೀಮೆಯ ದಂಡೆಯ ಹಿಂಗಾರಿ ಜೋಳಕ್ಕೆ ಹಾಲುಗಾಳು ಕಟ್ಟುವುದರಿಂದ ಹಿಡಿದು ಕಾಳು ಬಲಿಯುವವರೆಗಿನ ಮೂರ್ನಾಲ್ಕು ವಾರಗಳೇ ಹೆಚ್ಚು ಅಪಾಯದ ಕಾಲ; ಸೀತನಿ, ಅಂದರೆ ಸುಟ್ಟ ಎಳೆಯ ಜೋಳ, ತಿನ್ನಲು ನಾವು ಹೊಲಕ್ಕೆ ಹೋಗುವ ಹೊತ್ತಿಗೆ ಗಿಳಿ, ಗುಬ್ಬಿ, ಗೀಜಗಗಳೂ ಬಂದಿರುತ್ತವೆ. ಮಧ್ಯ ಏಷ್ಯಾದಿಂದ ಚಳಿಗಾಲಕ್ಕೆ ಬರುವ ಗುಲಾಬಿ ಮೈನಾಗಳು, ಇಲ್ಲಿನ ಮರಾಠಿ ರೈತರು ಭೋರಡಿ ಎನ್ನುವ ಹಕ್ಕಿಗಳು, ಉಜನಿ ಹಿನ್ನೀರಿನ ಸುತ್ತಮುತ್ತ ಸಂಜೆಯ ಆಕಾಶ ತುಂಬುವಷ್ಟು ದೊಡ್ಡ ಹಿಂಡುಗಳಲ್ಲಿ ಹಾರುವುದನ್ನು ಭಿಗವಣಕ್ಕೆ ಹೋದವರು ಕಂಡಿರಬಹುದು. ಆ ಮೂರ್ನಾಲ್ಕು ವಾರ ಹೊಲದಲ್ಲಿ ಎತ್ತರದ ಅಟ್ಟ ಕಟ್ಟಿ, ಕವಣೆ ಹಿಡಿದು, ಕೂಗು ಹಾಕುತ್ತಾ ಒಬ್ಬ ಮನುಷ್ಯ ನಿಲ್ಲುತ್ತಿದ್ದ. ಆ ವ್ಯವಸ್ಥೆಯ ಬಲ ಕವಣೆಯಲ್ಲಿರಲಿಲ್ಲ. ಕಲ್ಲು ಯಾವ ದಿಕ್ಕಿನಿಂದ ಬರುತ್ತದೆ, ಕೂಗು ಯಾವಾಗ ಬರುತ್ತದೆ ಎಂಬುದನ್ನು ಹಕ್ಕಿ ಊಹಿಸಲಾರದು; ಅದು ಎಲ್ಲಿ ಇಳಿಯಿತೋ ಅಲ್ಲಿಗೇ ಕಲ್ಲು ಹೋಗುತ್ತಿತ್ತು. ಇಂದು ಆ ಅಟ್ಟದ ಮೇಲೆ ನಿಲ್ಲಲು ಆಳು ಸಿಗುವುದಿಲ್ಲ, ಮಕ್ಕಳು ಶಾಲೆಗೆ ಹೋಗುತ್ತಾರೆ, ಹೋಗಬೇಕು ಕೂಡ. ಈ ಖಾಲಿ ಜಾಗವನ್ನು ತುಂಬಲೆಂದೇ ಇಷ್ಟೆಲ್ಲ ಯಂತ್ರಗಳು ಬಂದಿರುವುದು.

ಅವುಗಳಲ್ಲಿ ಅಗ್ಗವಾದದ್ದು ಹೊಳೆಯುವ ಪಟ್ಟಿ. ಒಂದು ಬದಿ ಕೆಂಪು, ಇನ್ನೊಂದು ಬದಿ ಬೆಳ್ಳಿ ಬಣ್ಣದ ಈ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ತಿರುಚಿ ಬೆಳೆಯ ಮೇಲೆ ಎಳೆದು ಕಟ್ಟಿದರೆ ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್‌ಗುಡುತ್ತದೆ. 1980ರ ದಶಕದಲ್ಲಿಯೇ ಇದನ್ನು ಭಾರತ, ಬಾಂಗ್ಲಾದೇಶ, ಫಿಲಿಪ್ಪೀನ್ಸ್, ಅಮೆರಿಕಗಳಲ್ಲಿ ಪರೀಕ್ಷಿಸಲಾಗಿತ್ತು. ಗಾಳಿಯಿಲ್ಲದ, ಮೋಡ ಕವಿದ ದಿನ ಇದು ಬರೀ ಪಟ್ಟಿ. ಆದರೂ ಮೂರ್ನಾಲ್ಕು ವಾರದ ಬೆಳೆಗೆ, ಸಾಲುಗಳನ್ನು ಒತ್ತಾಗಿ ಕಟ್ಟಿದರೆ, ಖರ್ಚಿಗೆ ತಕ್ಕ ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಅನಿಲದ ತೋಪು ಇನ್ನೊಂದು ಬಗೆಯದು. ಸಿಲಿಂಡರಿನ ಅನಿಲವನ್ನು ಕೊಳವೆಯಲ್ಲಿ ಉರಿಸಿ ಸ್ಫೋಟದ ಸದ್ದು ಮಾಡುವ ಈ ಸಾಧನ ವಿಮಾನ ನಿಲ್ದಾಣಗಳಲ್ಲಿಯೂ ಇದೆ, ಹೊಲಗಳಲ್ಲಿಯೂ ಇದೆ. ಒಂದೇ ಕಡೆ ಇಟ್ಟು ಹತ್ತು ನಿಮಿಷಕ್ಕೊಮ್ಮೆ ಹಾರುವಂತೆ ಹೊಂದಿಸಿದರೆ ಅದು ಹಕ್ಕಿಗಳಿಗೆ ಗಡಿಯಾರವಾಗುತ್ತದೆ. ಕೆಲವು ದಿನಕ್ಕೊಮ್ಮೆ ಜಾಗ ಬದಲಿಸಿ, ಅಂತರವನ್ನು ಏರುಪೇರು ಮಾಡಿ, ಹಕ್ಕಿ ಬರುವ ಬೆಳಗು ಮತ್ತು ಸಂಜೆಯ ಹೊತ್ತಿಗೆ ಮಾತ್ರ ಬಳಸಿದರೆ ಅದರ ಆಯುಷ್ಯ ಹೆಚ್ಚುತ್ತದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಪಿವಿಸಿ ಕೊಳವೆಯಲ್ಲಿ ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಹಾಕಿ ಅಸಿಟಿಲೀನ್ ಅನಿಲ ಹುಟ್ಟಿಸಿ ಸಿಡಿಸುವ ಅಗ್ಗದ ಕಾರ್ಬೈಡ್ ಬಂದೂಕನ್ನು ಮಂಗ, ಹಕ್ಕಿ ಓಡಿಸಲೆಂದು ಹಲವು ಕಡೆ ಬಳಸುತ್ತಾರೆ. 2025ರ ದೀಪಾವಳಿಯಲ್ಲಿ ಅದೇ ವಸ್ತು ಆಟಿಕೆಯಾಗಿ ಮಧ್ಯಪ್ರದೇಶದ ಸಂತೆಗಳಿಗೆ ಬಂದು, ಭೋಪಾಲ ಮತ್ತು ಸುತ್ತಲಿನ ಊರುಗಳಲ್ಲಿ ನೂರಕ್ಕೂ ಹೆಚ್ಚು ಮಂದಿಯ, ಅದರಲ್ಲೂ ಮಕ್ಕಳ, ಕಣ್ಣುಗಳಿಗೆ ಗಾಯವಾಯಿತು. ಸಿಡಿಯದಿದ್ದಾಗ ಒಳಗೆ ಏನಾಯಿತೆಂದು ಕೊಳವೆಯೊಳಗೆ ಇಣುಕುವುದೇ ಅಪಾಯದ ಕ್ಷಣ. ದಯವಿಟ್ಟು ಊರಿನಲ್ಲಿರುವ ನಿಮ್ಮವರಿಗೆ ಇದನ್ನು ತಿಳಿಸಿ.

ಧ್ವನಿಯ ಸಾಧನಗಳಲ್ಲಿ ಎರಡನ್ನು ಬೇರ್ಪಡಿಸಿ ನೋಡಬೇಕು. ಬೇಟೆಗಾರನ ಹಿಡಿತಕ್ಕೆ ಸಿಕ್ಕ ಹಕ್ಕಿಯ ಆರ್ತ ಕೂಗನ್ನು ಧ್ವನಿಮುದ್ರಿಸಿ ಕೇಳಿಸುವುದು ಒಂದು. ಅದಕ್ಕೆ ಜೈವಿಕ ಅರ್ಥವಿರುವುದರಿಂದ ಬರೀ ಸ್ಫೋಟಕ್ಕಿಂತ ನಿಧಾನವಾಗಿ ಅದು ಸವೆಯುತ್ತದೆ. ಆದರೆ ಗೊರವಂಕದ ಕೂಗು ಗೊರವಂಕಕ್ಕೆ, ಗಿಳಿಯದು ಗಿಳಿಗೆ; ಹೊರದೇಶದ ಹಕ್ಕಿಗಳ ಕೂಗು ತುಂಬಿದ ಯಂತ್ರವನ್ನು ಇಲ್ಲಿ ತಂದಿಟ್ಟರೆ ಹೆಚ್ಚೇನೂ ಆಗದು. ಇನ್ನೊಂದು, ಮನುಷ್ಯರಿಗೆ ಕೇಳಿಸದ ಅಲ್ಟ್ರಾಸೋನಿಕ್ ಸದ್ದಿನಿಂದ ಪಾರಿವಾಳ ಓಡಿಸುತ್ತೇವೆ ಎಂದು ಆನ್‌ಲೈನಿನಲ್ಲಿ ಮಾರುವ ಪೆಟ್ಟಿಗೆ. ಹೆಚ್ಚಿನ ಹಕ್ಕಿಗಳಿಗೆ ಚೆನ್ನಾಗಿ ಕೇಳಿಸುವುದು 1ರಿಂದ 4 ಕಿಲೋಹರ್ಟ್ಸ್ ಆಸುಪಾಸಿನ ಸದ್ದು. 10 ಕಿಲೋಹರ್ಟ್ಸ್ ದಾಟಿದರೆ ಬಹುತೇಕ ಹಕ್ಕಿಗಳಿಗೆ ಏನೂ ಕೇಳಿಸುವುದಿಲ್ಲ. ಅಲ್ಟ್ರಾಸೋನಿಕ್ ಎಂದರೆ 20 ಕಿಲೋಹರ್ಟ್ಸ್‌ಗಿಂತ ಮೇಲಿನದು. ನಮ್ಮ ಕಿವಿಗೂ ಬೀಳದ, ಪಾರಿವಾಳದ ಕಿವಿಗೂ ಬೀಳದ ಸದ್ದಿಗೆ ಸಾವಿರಾರು ರೂಪಾಯಿ ತೆರುವುದರಲ್ಲಿ ಅರ್ಥವಿಲ್ಲ. ಮನೆಯ ನಾಯಿ, ಬೆಕ್ಕುಗಳಿಗೆ ಮಾತ್ರ ಅದು ಕೇಳಿಸೀತು.

ಹಸಿರು ಲೇಸರ್ ಕಿರಣ ಮುಂಜಾನೆ, ಮುಸ್ಸಂಜೆಯ ಮಂದ ಬೆಳಕಿನಲ್ಲಿ ಕೆಲಸ ಮಾಡುತ್ತದೆ, ಹಗಲಿನ ಬಿಸಿಲಿಗೆ ಮಾಯವಾಗುತ್ತದೆ. ಹಕ್ಕಿಗಳ ಅಕ್ಷಿಪಟಲಕ್ಕೇ ಅದರಿಂದ ಹಾನಿಯಾಗಬಹುದೆಂಬ ಆತಂಕವನ್ನು ಸಂಶೋಧಕರು ಎತ್ತಿದ್ದಾರೆ. ಪೈಲಟ್ಟಿನ ಕಣ್ಣಿಗೆ ಬಿದ್ದರಂತೂ ಅದು ಅಪರಾಧ. ಪುಣೆಯಂಥ ಊರಿನಲ್ಲಿ ಅದರ ಮಾತು ಬೇಡ.

ಈಗ ಡ್ರೋನಿನ ವಿಷಯಕ್ಕೆ ಬರುತ್ತೇನೆ. ಡ್ರೋನು ಹಾರಿದರೆ ಸಾಕು, ಹಕ್ಕಿ ಓಡುತ್ತದೆ ಎಂಬ ಭಾವನೆ ವ್ಯಾಪಕವಾಗಿದೆ. 2015ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಬಾತು, ರಾಜಹಂಸ ಮತ್ತು ಜೌಗಿನ ಹಕ್ಕಿಗಳ ಕಡೆಗೆ ಸಣ್ಣ ಡ್ರೋನನ್ನು ಹಾರಿಸಿ ನೋಡಿದಾಗ, ನೂರಕ್ಕೆ 80 ಸಲ ಅದು 4 ಮೀಟರಿನಷ್ಟು ಹತ್ತಿರಕ್ಕೆ ಹೋದರೂ ಹಕ್ಕಿಗಳು ಗಮನಾರ್ಹವಾಗಿ ವಿಚಲಿತವಾಗಲಿಲ್ಲ. ಡ್ರೋನಿನ ಬಣ್ಣ, ವೇಗಗಳಿಂದ ದೊಡ್ಡ ವ್ಯತ್ಯಾಸವಾಗಲಿಲ್ಲ. ನೆತ್ತಿಯ ಮೇಲಿನಿಂದ ನೇರವಾಗಿ ಇಳಿದಾಗ ಮಾತ್ರ ಅವು ಹೆಚ್ಚು ಕದಲಿದವು. ಆ ಅಧ್ಯಯನದ ಉದ್ದೇಶ ಹಕ್ಕಿಗಳಿಗೆ ತೊಂದರೆಯಾಗದಂತೆ ಡ್ರೋನು ಬಳಸುವುದು ಹೇಗೆ ಎಂಬುದಾಗಿತ್ತು. ಅದನ್ನು ತಿರುಗಿಸಿ ಓದಿದರೆ ನಮಗೆ ಬೇಕಾದ ಪಾಠ ಸಿಗುತ್ತದೆ: ಒಂದೇ ಎತ್ತರದಲ್ಲಿ ಸಾವಕಾಶವಾಗಿ ಅಡ್ಡಾಡುವ ಡ್ರೋನು ಹಕ್ಕಿಗೆ ಬೇಟೆಗಾರನಲ್ಲ, ಎರಗುವ ಡ್ರೋನು ಮಾತ್ರ ಬೇಟೆಗಾರ.

ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದವರು ಇದನ್ನೇ ಮುಂದುವರಿಸಿ ಡೇಗೆ ಎಂಬ ಬೇಟೆ ಹಕ್ಕಿಯ ಆಕಾರ ಮತ್ತು ಬಣ್ಣದ ಯಂತ್ರವೊಂದನ್ನು ಹೊಲಗಳ ಮೇಲೆ ಹಾರಿಸಿದರು. 2022ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಕಾಗೆಯ ಜಾತಿಯ ಹಕ್ಕಿಗಳು, ಕಡಲಕ್ಕಿಗಳು, ಕಬ್ಬಕ್ಕಿಗಳು 5 ನಿಮಿಷಗಳೊಳಗೆ ಹೊಲ ಬಿಟ್ಟವು; ಅರ್ಧದಷ್ಟು ಹೊಲಗಳು 70 ಸೆಕೆಂಡುಗಳಲ್ಲಿಯೇ ಖಾಲಿಯಾದವು. ಸಾಮಾನ್ಯ ಡ್ರೋನು ಅಷ್ಟು ಪರಿಣಾಮಕಾರಿಯಾಗಲಿಲ್ಲ. ಪ್ರಯೋಗ ನಡೆದ ತಿಂಗಳುಗಳಲ್ಲಿ ಹಕ್ಕಿಗಳು ಅದಕ್ಕೆ ಒಗ್ಗಿದ ಲಕ್ಷಣವೂ ಕಾಣಲಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಕೊನೆಯ ಮಾತು, ಏಕೆಂದರೆ ಬೆದರಿಕೆಯ ಆಯುಷ್ಯ ಹಿಗ್ಗಿದ್ದು ಅಲ್ಲಿ. ಆದರೆ ಆ ಯಂತ್ರವನ್ನು ನುರಿತ ಪೈಲಟ್ಟೊಬ್ಬ ಹಿಂಡನ್ನು ನೋಡುತ್ತಾ ನಡೆಸುತ್ತಿದ್ದ. ಅಂದರೆ ಅಟ್ಟದ ಮೇಲಿನ ಮನುಷ್ಯ ಬೇರೆ ರೂಪದಲ್ಲಿ ಮರಳಿ ಬಂದಿದ್ದ. ಆಳಿನ ಕೂಲಿ ಉಳಿಸಲೆಂದು ಹೊರಟು ಪೈಲಟ್ಟಿನ ಸಂಬಳಕ್ಕೆ ಬಂದು ನಿಲ್ಲುವುದು ಸಣ್ಣ ಹಿಡುವಳಿದಾರನಿಗೆ ಹೊಂದುವ ಲೆಕ್ಕವಲ್ಲ.

ದ್ರಾಕ್ಷಿಗೆ ಬಂದರೆ, ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಡ್ರೋನು ಹಾರಿದ ತೋಟಗಳಲ್ಲಿ ಹಕ್ಕಿಗಳ ಎಣಿಕೆ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿದು, ಹಣ್ಣಿನ ಹಾನಿ ಸುಮಾರು ಅರ್ಧದಷ್ಟಾಯಿತು. ನಾರಾಯಣಗಾಂವ, ಸಾಂಗಲಿ, ವಿಜಯಪುರಗಳ ಬೆಳೆಗಾರರು ಈ ಸುದ್ದಿಯನ್ನು ಆಸೆಯಿಂದ ಕೇಳುತ್ತಾರೆ. ಅವರು ಮೂರು ತೊಡಕುಗಳನ್ನು ಗಮನಿಸಬೇಕು. ಸಾಮಾನ್ಯ ಡ್ರೋನಿನ ಬ್ಯಾಟರಿ ಇಪ್ಪತ್ತರಿಂದ ಮೂವತ್ತು ನಿಮಿಷ ಬಾಳುತ್ತದೆ, ಹಕ್ಕಿಯ ಹಸಿವು ಹಗಲೆಲ್ಲ ಇರುತ್ತದೆ. ಪಿಕಳಾರ ಆಕಾಶಕ್ಕೆ ಹಾರಿ ಹೋಗುವ ಹಿಂಡಿನ ಹಕ್ಕಿಯಲ್ಲ. ಡ್ರೋನು ಬಂದರೆ ಚಪ್ಪರದ ಎಲೆಗಳ ಒಳಗೆ ನುಗ್ಗಿ ಕುಳಿತು, ಅದು ಹೋದ ಮೇಲೆ ಮತ್ತೆ ತಿನ್ನುತ್ತದೆ. ಮೂರನೆಯದು ನಮ್ಮ ಹದ್ದು. ಗೂಡು ಕಟ್ಟಿದ ಕಾಲದಲ್ಲಿ ಅದು ಹೆದರುವುದಿರಲಿ, ಡ್ರೋನಿನ ಮೇಲೆಯೇ ಎರಗುತ್ತದೆ. ಹೀಗಾಗಿ ಬೆಲೆಬಾಳುವ ದ್ರಾಕ್ಷಿಗೆ ಬಲೆಯೇ ಇಂದಿಗೂ ನಂಬಿಕೆಯ ರಕ್ಷಣೆ; ಅದನ್ನು ಬಿಗಿಯಾಗಿ ಕಟ್ಟಬೇಕು, ಏಕೆಂದರೆ ಸಡಿಲ ಬಲೆಯಲ್ಲಿ ಹಕ್ಕಿಯೂ ಹಾವೂ ಸಿಕ್ಕಿ ಸಾಯುತ್ತವೆ.

ಕಾನೂನನ್ನು ಚುಟುಕಾಗಿ ಹೇಳುತ್ತೇನೆ. 2021ರ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಪೂರ್ವಾನುಮತಿ ಬೇಡ. ವಿಮಾನ ನಿಲ್ದಾಣಗಳ ಸುತ್ತ ಮೊದಲು 45 ಕಿಲೋಮೀಟರ್ ಇದ್ದ ಹಳದಿ ವಲಯವನ್ನು 12 ಕಿಲೋಮೀಟರಿಗೆ ಇಳಿಸಲಾಯಿತು. ಸಿಂದಗಿಯ ಹೊಲದಲ್ಲಿ ಸುಲಭವಾದದ್ದು ಲೋಹಗಾಂವದ ವಾಯುಪಡೆ ನೆಲೆ, ಖಡಕವಾಸಲೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ದಂಡುಪ್ರದೇಶಗಳಿರುವ ಪುಣೆಯಲ್ಲಿ ಸುಲಭವಲ್ಲ. ಈ ವಲಯಗಳನ್ನು ತೋರಿಸುವ ಸರಕಾರದ ಡಿಜಿಟಲ್ ಸ್ಕೈ ನಕಾಶೆ ನೋಡದೆ ಹಾರಿಸಬೇಡಿ. ಮುಂಬೈಯಲ್ಲಿ ಪೊಲೀಸರ ನಿಷೇಧಾಜ್ಞೆ ಮೇಲಿಂದ ಮೇಲೆ ಹೊರಡುತ್ತಲೇ ಇರುತ್ತದೆ. ಇದರ ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅದರ ವ್ಯಾಖ್ಯೆಯಲ್ಲಿ ಸಂರಕ್ಷಿತ ಹಕ್ಕಿಗಳ ಮೊಟ್ಟೆ, ಗೂಡುಗಳನ್ನು ಕೆಡಿಸುವುದೂ ಬೇಟೆಯೇ. ಹೊರದೇಶಗಳಲ್ಲಿ ಪಳಗಿಸಿದ ಡೇಗೆಯನ್ನು ಬಿಟ್ಟು ಹಕ್ಕಿ ಓಡಿಸುವ ಪದ್ಧತಿಯಿದೆ. ಇಲ್ಲಿ ಅವು ಸಂರಕ್ಷಿತ ಹಕ್ಕಿಗಳಾದ್ದರಿಂದ ಆ ದಾರಿ ನಮಗಿಲ್ಲ.

ವಿಮಾನ ನಿಲ್ದಾಣದ ಲೆಕ್ಕವೇ ಬೇರೆ. ಅಲ್ಲಿ ರಕ್ಷಣೆ ವರ್ಷವಿಡೀ ಬೇಕು, ಆದರೆ ಬೇಕಾಗಿರುವುದು ನಿರ್ದಿಷ್ಟ ಕ್ಷಣಗಳಿಗೆ: ವಿಮಾನ ಏರುವ, ಇಳಿಯುವ ಕೆಲವು ನಿಮಿಷಗಳಿಗೆ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹೆಬ್ಬಾತುಗಳ ಹಿಂಡು ಎರಡೂ ಎಂಜಿನ್‌ಗಳಿಗೆ ಬಡಿದು ವಿಮಾನ ಹಡ್ಸನ್ ನದಿಯಲ್ಲಿ ಇಳಿದಾಗ ಒಳಗಿದ್ದ 155 ಮಂದಿ ಬದುಕಿದರು. ನಮ್ಮ ಹತ್ತಿರದಲ್ಲಿಯೇ, 2024ರ ಮೇ 20ರ ರಾತ್ರಿ ದುಬೈಯಿಂದ ಮುಂಬೈಗೆ ಇಳಿಯುತ್ತಿದ್ದ ವಿಮಾನ ಘಾಟಕೋಪರದ ಮೇಲೆ ರಾಜಹಂಸಗಳ ಹಿಂಡಿಗೆ ಬಡಿಯಿತು. ವಿಮಾನ ಕ್ಷೇಮವಾಗಿ ಇಳಿಯಿತು, ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ಸತ್ತು ಬಿದ್ದವು. ಇಂಥ ಕಡೆ ಸದ್ದಿನ ತೋಪು, ಪಟಾಕಿ, ಆರ್ತ ಕೂಗು ಎಲ್ಲವನ್ನೂ ಅದಲುಬದಲು ಮಾಡಿ ಬಳಸುವ ಸಿಬ್ಬಂದಿಯೇ ಇರುತ್ತಾರೆ. ಡ್ರೋನನ್ನು ಅಲ್ಲಿ ಬಳಸುವುದಾದರೆ ವಿಮಾನ ಸಂಚಾರ ನಿಯಂತ್ರಣದ ಒಪ್ಪಿಗೆಯ ಮೇಲೆ, ಎರಡು ವಿಮಾನಗಳ ನಡುವಿನ ಬಿಡುವಿನಲ್ಲಿ ಮಾತ್ರ. ಹಿಡಿತ ತಪ್ಪಿ ವಿಮಾನಕ್ಕೆ ಬಡಿಯುವ ಡ್ರೋನು ಹಕ್ಕಿಗಿಂತ ಗಟ್ಟಿ.

ಆದರೆ ಹದ್ದು ರನ್‌ವೇಯ ಮೇಲೆ ಸುತ್ತುವುದು ರನ್‌ವೇಯ ಮೋಹದಿಂದಲ್ಲ. ಮಳೆಗಾಲದಲ್ಲಿ ಹುಲ್ಲಿನೊಳಗಿನಿಂದ ಹುಳುಗಳು, ಎರೆಹುಳುಗಳು ಹೊರಬರುತ್ತವೆ, ಅವುಗಳನ್ನು ಹುಡುಕಿ ಟಿಟ್ಟಿಭ, ಬೆಳ್ಳಕ್ಕಿಗಳು ಬರುತ್ತವೆ. ಗೋಡೆಯ ಆಚೆ ಕೋಳಿ ಅಂಗಡಿಯ ತ್ಯಾಜ್ಯ ಬಿದ್ದಿದ್ದರೆ ಹದ್ದು ಬರುತ್ತದೆ. 1937ರ ವಿಮಾನ ನಿಯಮಗಳ 91ನೇ ನಿಯಮ ವಿಮಾನ ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಪ್ರಾಣಿಗಳನ್ನು ಕಡಿಯುವುದನ್ನೂ ಹಕ್ಕಿಗಳನ್ನು ಸೆಳೆಯುವ ಕಸ ಸುರಿಯುವುದನ್ನೂ ನಿಷೇಧಿಸಿದೆ. ನನ್ನ ದೃಷ್ಟಿಯಲ್ಲಿ ಈ ಒಂದು ನಿಯಮವನ್ನು ಸರಿಯಾಗಿ ಪಾಲಿಸಿದರೆ ಆಗುವ ಕೆಲಸ ಹತ್ತು ಡ್ರೋನುಗಳಿಂದ ಆಗದು. ಓಡಿಸಿದ ಹಕ್ಕಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಬೇಕು. ನವಿ ಮುಂಬೈಯ ನೆರೂಳಿನ ಕೆರೆ, ಜೌಗುಗಳನ್ನು ಕೆಡಿಸಿ ರಾಜಹಂಸಗಳಿಗೆ ಇಳಿಯಲು ಜಾಗವಿಲ್ಲದಂತೆ ಮಾಡಿದರೆ ಅವು ವಿಮಾನಗಳ ದಾರಿಯನ್ನು ದಾಟುತ್ತಾ ಬೇರೆ ಜಾಗ ಹುಡುಕುತ್ತವೆ. ನವಿ ಮುಂಬೈಯಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾಗಿರುವಾಗ ಇದು ಹಕ್ಕಿಪ್ರಿಯರಷ್ಟೇ ಆಡುವ ಮಾತಾಗಿ ಉಳಿಯಬಾರದು.

ಇನ್ನು ಪಾರಿವಾಳ. ಅದು ವರ್ಷವಿಡೀ ಮರಿ ಮಾಡುತ್ತದೆ, ಹುಟ್ಟಿದ ಜಾಗಕ್ಕೆ ಅಂಟಿಕೊಂಡಿರುತ್ತದೆ, ಮನುಷ್ಯರ ನಡುವೆಯೇ ಬೆಳೆದಿರುವುದರಿಂದ ಅದನ್ನು ಹೆದರಿಸುವುದೇ ಕಷ್ಟ. ಸ್ವಿಟ್ಜರ್‌ಲ್ಯಾಂಡಿನ ಲೂಸಾನಿನಲ್ಲಿ ಕ್ಯಾಮೆರಾ ಪಾರಿವಾಳವನ್ನು ಗುರುತಿಸಿದ ಕೂಡಲೇ ಡ್ರೋನು ತಾನಾಗಿ ಏರಿ ಬರುವ ವ್ಯವಸ್ಥೆಯನ್ನು ಕಟ್ಟಡವೊಂದರ ಚಾವಣಿಯ ಮೇಲೆ ಪ್ರಯೋಗಿಸಿದ್ದಾರೆ. ಗಂಟೆಗಟ್ಟಲೆ ಕೂರುತ್ತಿದ್ದ ಪಾರಿವಾಳಗಳು ಕೆಲವೇ ನಿಮಿಷಗಳಲ್ಲಿ ಏಳುವಂತಾಯಿತು. ತಂತ್ರಜ್ಞಾನದ ದೃಷ್ಟಿಯಿಂದ ಸೊಗಸಾದ ಕೆಲಸವೇ ಸರಿ. ಅದೇ ದೇಶದ ಬಾಸೆಲ್ ನಗರದ ಅನುಭವ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಕೊಂದರೂ ಸಂಖ್ಯೆ ಇಳಿಯಲಿಲ್ಲ. 1988ರಿಂದ, ಕಾಳು ಹಾಕಬೇಡಿ ಎಂದು ಜನರಿಗೆ ತಿಳಿಹೇಳುವುದೇ ಮುಖ್ಯವಾದ ಕಾರ್ಯಕ್ರಮ ಶುರುವಾದ ಮೇಲೆ, ನಾಲ್ಕೈದು ವರ್ಷಗಳಲ್ಲಿ 20,000 ಇದ್ದದ್ದು ಸುಮಾರು 10,000ಕ್ಕೆ ಇಳಿಯಿತು. 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ತಾಣವಾದ ಮುಂಬೈಯ ದಾದರ್ ಕಬೂತರ್‌ಖಾನೆಯನ್ನು ಮುಚ್ಚಿದಾಗ ಎದ್ದ ಗಲಾಟೆಯನ್ನು ನೀವೆಲ್ಲ ಓದಿದ್ದೀರಿ. ಕಾಳು ಹಾಕುವುದು ಹಲವರಿಗೆ ಧರ್ಮದ ಆಚರಣೆ ಎಂಬುದನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಪಾರಿವಾಳದ ಹಿಕ್ಕೆ, ಗರಿಗಳ ಧೂಳನ್ನು ಬಹುಕಾಲ ಉಸಿರಾಡಿದವರಲ್ಲಿ ಕೆಲವರಿಗೆ ಶ್ವಾಸಕೋಶದ ಗಂಭೀರ ಉರಿಯೂತ ಬರುತ್ತದೆಂಬುದು ವೈದ್ಯರು ಬಲ್ಲ ಸಂಗತಿ.

ಸಭೆಯ ಕೊನೆಗೆ ಹಿರಿಯರೊಬ್ಬರು ಕೇಳಿದರು: ‘ನಮ್ಮ ಸೊಸೈಟಿಯವರು ಎಲ್ಲರಿಂದ ವಂತಿಗೆ ಎತ್ತಿ ಒಂದು ಡ್ರೋನು ತರಬೇಕೆಂದು ಠರಾವು ಮಾಡಿದ್ದಾರೆ. ತರಬಹುದೇ?’ ಬೇಡ ಎಂದೆ. ಮನೆಗಳ ಕಿಟಕಿಯ ಮುಂದೆ ಕ್ಯಾಮೆರಾ ಹೊತ್ತ ಡ್ರೋನು ಹಾರಾಡಿದರೆ ಪಾರಿವಾಳಕ್ಕಿಂತ ಮೊದಲು ನಿವಾಸಿಗಳು ಜಗಳಕ್ಕೆ ಬರುತ್ತಾರೆ. ಆ ಹಣದಲ್ಲಿ ಡಕ್ಟುಗಳಿಗೂ ಬಾಲ್ಕನಿಗಳಿಗೂ 50 ಮಿಲಿಮೀಟರ್ ಕಣ್ಣಿನ ಬಲೆಯನ್ನು, ಒಳಗೆ ಗೂಡು, ಮರಿ ಇಲ್ಲವೆಂದು ನೋಡಿಕೊಂಡು, ಬಿಗಿಯಾಗಿ ಹಾಕಿಸಿ. ಏಸಿ ಯಂತ್ರದ ಹಿಂದಿನ ಸಂದಿಯನ್ನು ಮುಚ್ಚಿಸಿ. ಹಿಕ್ಕೆಯನ್ನು ಒಣಗಿದಾಗ ಗುಡಿಸದೆ, ಮಾಸ್ಕ್ ಹಾಕಿಕೊಂಡು, ನೀರಿನಿಂದ ನೆನೆಸಿ ತೆಗೆಸಿ.

ಇನ್ನೊಬ್ಬರು ಅಫಜಲಪುರದ ಕಡೆಯವರು. ಊರಿನ ಮಹಿಳಾ ಸಂಘಕ್ಕೆ ಸರಕಾರದ ಯೋಜನೆಯಲ್ಲಿ ಔಷಧ ಸಿಂಪಡಿಸುವ ಡ್ರೋನು ಬಂದಿದೆ, ಜೋಳಕ್ಕೆ ಬೀಳುವ ಗಿಳಿ ಓಡಿಸಲು ಅದನ್ನೇ ಬಳಸಬಹುದೇ ಎಂದು ಕೇಳಿದರು. ಆ ಡ್ರೋನು ಭಾರದ್ದು, ತುಂಬಿದ ಟ್ಯಾಂಕಿನೊಂದಿಗೆ ಹತ್ತು ಹದಿನೈದು ನಿಮಿಷ ಹಾರುವಂಥದ್ದು. ಕೆಳಗೆ ಇಳಿಸಿದರೆ ಅದರ ರೆಕ್ಕೆಗಳ ಗಾಳಿಗೆ ಬಲಿತ ಜೋಳ ನೆಲಕ್ಕೆ ಒರಗುತ್ತದೆ, ಮೇಲಿಟ್ಟರೆ ಗಿಳಿ ಲೆಕ್ಕಿಸುವುದಿಲ್ಲ. ಅದು ಸಿಂಪಡಣೆಗೇ ಇರಲಿ. ಹಾಲುಗಾಳು ಕಾಣಿಸಿಕೊಳ್ಳುವ ಮೊದಲೇ ಪಟ್ಟಿ ಕಟ್ಟಿ, ಏಕೆಂದರೆ ರುಚಿ ಹತ್ತಿದ ಮೇಲೆ ಗಿಳಿಯನ್ನು ಎಬ್ಬಿಸುವುದು ಕಷ್ಟ. ಎರಡನೇ ವಾರಕ್ಕೆ ತೋಪು ತನ್ನಿ, ದಿನ ಬಿಟ್ಟು ದಿನ ಅದರ ಜಾಗ ಬದಲಿಸಿ. ಅಕ್ಕಪಕ್ಕದ ಹೊಲದವರು ಒಂದೇ ಸಮಯಕ್ಕೆ ಬಿತ್ತಿದರೆ ಹಾನಿ ಎಲ್ಲರ ನಡುವೆ ಹಂಚಿಹೋಗಿ ಯಾರೊಬ್ಬರ ಮೇಲೂ ಪೂರ್ತಿ ಬೀಳದು. ಬದುವಿನ ಮರ ಕಡಿಯಬೇಕೇ ಎಂದು ಅವರು ಮತ್ತೆ ಕೇಳಿದರು. ಕಡಿಯಬೇಡಿ, ಅದೇ ಮರದ ಮೇಲೆ ಕಾಜಾಣವೂ ಕೂರುತ್ತದೆ, ನಿಮ್ಮ ತೊಗರಿಯ ಹುಳುವನ್ನು ತಿನ್ನುವುದು ಅದೇ ಎಂದು ಹೇಳಿದೆ.